ಹತ್ತಿ ಹೊಲದ ವಿಷ, ಟೋಕಿಯೊದ ವಿಷ

ಮಾಸ್ತರರೇ, ನಮಸ್ಕಾರ.

ರಾಸಾಯನಿಕ ಮತ್ತು ವಿಕಿರಣ ಅವಘಡಗಳಿಗೆ ಚಿಕಿತ್ಸೆ ಹುಡುಕುವ ಸಂಶೋಧನೆಗೆ ಸರ್ಕಾರ ಹಣ ಕೊಡಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ನೀವು ಕೇಳಿದ್ದೀರಿ: "ನಮ್ಮೂರ ಆಸ್ಪತ್ರೆಯಲ್ಲಿ ಹಾವು ಕಡಿದರೆ ಕೊಡೋ ಇಂಜೆಕ್ಷನ್ನೇ ಒಮ್ಮೊಮ್ಮೆ ಇರಲ್ಲ. ಎಂದೋ ಬೀಳೋ ಬಾಂಬಿಗೆ, ಎಲ್ಲೋ ಸೋರೋ ಗ್ಯಾಸಿಗೆ ಯಾಕೆ ದುಡ್ಡು ಸುರಿಯಬೇಕು?" ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ "ಎಲ್ಲೋ" ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರ ಹುಡುಗ ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆಯುತ್ತಿದ್ದವನು ಬೆನ್ನಿನ ಪಂಪಿನ ಸಮೇತ ಹೊಲದಲ್ಲೇ ಕುಸಿದ. ರಾಯಚೂರಿಗೆ ತಂದಾಗ ಅಂಗಿ ಪೂರ್ತಿ ತೊಯ್ದಿತ್ತು. ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ ಸದ್ದು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ನರ್ಸಮ್ಮ ಈ ವಿಷಕ್ಕೆ ಕೊಡುವ ಅಟ್ರೋಪಿನ್ ಮದ್ದಿನ ಗಾಜಿನ ಆಂಪೂಲ್‌ಗಳನ್ನು ಒಂದರ ಹಿಂದೊಂದು ಮುರಿಯುತ್ತಿದ್ದರು. ಒಂದರಲ್ಲಿ ಇರೋದು ಬರೀ 0.6 ಮಿಲಿಗ್ರಾಂ. ಕಣ್ಣಿಗೆ ಟಾರ್ಚ್ ಬಿಡೋದು, ಎದೆಗೆ ಸ್ಟೆತಸ್ಕೋಪ್ ಇಡೋದು, ಮತ್ತೆ ಚುಚ್ಚೋದು. ಬೆಳಗಾಗುವಷ್ಟರಲ್ಲಿ ಟ್ರೇ ತುಂಬ ಗಾಜಿನ ಚೂರು. ಹುಡುಗ ಉಳಿದ.

ನರ ಕೊಟ್ಟ ಸಂದೇಶ ಸ್ನಾಯುವಿಗೆ ಮುಟ್ಟಿದ ಮೇಲೆ ಅದನ್ನು ಅಳಿಸೋಕೆ ಮೈಯಲ್ಲಿ ಒಂದು ಕಿಣ್ವ ಇದೆ. ಆರ್ಗನೋಫಾಸ್ಫೇಟ್ ಅನ್ನೋ ಜಾತಿಯ ಎಣ್ಣೆಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ದುಷ್ಕರ್ಮಿಗಳು ಬಿಟ್ಟ ಸಾರಿನ್ ಅನ್ನೋ ಯುದ್ಧದ ವಿಷ ಮಾಡಿದ್ದೂ ಇದನ್ನೇ. ಅಲ್ಲಿನವರಿಗೆ ಕೊಟ್ಟದ್ದು ಅಟ್ರೋಪಿನ್ ಮತ್ತು ಆ ಕಿಣ್ವವನ್ನು ಬಿಡಿಸುವ ಪ್ರಾಲಿಡಾಕ್ಸಿಮ್. ನಮ್ಮ ಹುಡುಗನಿಗೂ ಅವೇ ಎರಡು. ಯುದ್ಧದ ವಿಷಕ್ಕೆ ಒಳ್ಳೆ ಮದ್ದು ಸಿಕ್ಕರೆ ಅದು ನಮ್ಮ ಹೊಲಕ್ಕೂ ಬರುತ್ತದೆ, ಅಲ್ವಾ?

ಪ್ರಾಲಿಡಾಕ್ಸಿಮ್ 1950ರ ದಶಕದ್ದು. ಯಾರಿಗೆ, ಎಷ್ಟು ಕೊಟ್ಟರೆ ಉಪಯೋಗ ಅನ್ನೋದು ಇವತ್ತಿಗೂ ತೀರ್ಮಾನವಾಗಿಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದ ಪ್ರಯೋಗದ ಫಲ 2006ರಲ್ಲಿ ಪ್ರಕಟವಾಯ್ತು. ಅದರಲ್ಲಿ ಜಾಸ್ತಿ ಡೋಸನ್ನು ಬಿಡದೆ ಕೊಟ್ಟವರಲ್ಲಿ ಸಾವು ಕಡಿಮೆಯಾಗಿತ್ತು. 2009ರಲ್ಲಿ ಪ್ರಕಟವಾದ ಶ್ರೀಲಂಕಾದ ಪ್ರಯೋಗದಲ್ಲಿ ಲಾಭವೇ ಕಾಣಲಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಎಣ್ಣೆ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಜನ ಸತ್ತರು. ಅವರೂ ನಮ್ಮ ಹಾಗೆ ಹತ್ತಿ ಬೆಳೆಯುವವರೇ.

ಇಂಥ ಮದ್ದಿಗೆ ಕಂಪನಿಗಳು ತಾವಾಗಿ ಮುಂದೆ ಬರಲ್ಲ. ಎಣ್ಣೆ ಬಡಿದ ಕೂಲಿಯವನು ಎಷ್ಟು ಕೊಟ್ಟಾನು? ಅದಕ್ಕೇ ಅಮೆರಿಕ 2004ರಲ್ಲಿ ಬಯೋಶೀಲ್ಡ್ ಕಾನೂನು ಮಾಡಿ, ನೀವು ಮದ್ದು ತಯಾರಿಸಿ, ನಾವು ಕೊಳ್ಳುತ್ತೇವೆ ಅಂತ 10 ವರ್ಷಕ್ಕೆ 560 ಕೋಟಿ ಡಾಲರ್ ಎತ್ತಿಟ್ಟಿತು. ವಿಕಿರಣದ ಕತೆಯೂ ಹೀಗೇ: ಅವಘಡ ನಮ್ಮಲ್ಲೂ ಆಗುತ್ತದೆ, ಒಂದೇ ಮದ್ದು ಎರಡು ಕಡೆ ಕೆಲಸಕ್ಕೆ ಬರುತ್ತದೆ. ದೆಹಲಿಯ ಮಾಯಾಪುರಿ ಗುಜರಿಗೆ 2010ರಲ್ಲಿ ಕೋಬಾಲ್ಟ್-60 ಅನ್ನೋ ವಿಕಿರಣ ಸೂಸುವ ಲೋಹ ಬಂದು ಒಬ್ಬರ ಜೀವ ಹೋಯಿತು. ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವವರ ಬಿಳಿ ರಕ್ತಕಣ ಏರಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ನನ್ನೇ 2015ರಲ್ಲಿ ಅಮೆರಿಕ ವಿಕಿರಣ ಬಾಧೆಗೂ ಒಪ್ಪಿತು.

ನನ್ನ ಬೇಡಿಕೆ ಇಷ್ಟು: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದುಡ್ಡು ದೆಹಲಿಯಲ್ಲೇ ನಿಲ್ಲದೆ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್‌ನಂಥ ಕಡೆಗೂ ಬರಲಿ. ನಮ್ಮವರನ್ನು ಪ್ರಯೋಗದ ಇಲಿ ಮಾಡಿ ಅಂತಲ್ಲ. ಈಗಿರುವ ಚಿಕಿತ್ಸೆ ತಪ್ಪಿಸದೆ, ಕೇಳಿ ಒಪ್ಪಿಗೆ ಪಡೆದು, ಯಾವ ಡೋಸು ಜೀವ ಉಳಿಸುತ್ತದೆ ಅಂತ ರೋಗಿ ಇರುವ ಕಡೆಯೇ ನೋಡಬೇಕು. ಹಾವಿನ ಇಂಜೆಕ್ಷನ್ನೂ ಬರಲಿ. ಒಂದನ್ನು ತೋರಿಸಿ ಇನ್ನೊಂದನ್ನು ಬಿಡೋದು ಬೇಡ.

ನೀವು ಎಂಟನೇ ತರಗತಿಗೆ ವಿಜ್ಞಾನ ಹೇಳ್ತೀರಂತ ಬರೆದಿದ್ದೀರಿ. ಮಕ್ಕಳಿಗೆ ಇದನ್ನೂ ಹೇಳಿ: ಎಣ್ಣೆ ಬಡಿದು ಯಾರಾದರೂ ಬಿದ್ದರೆ ಮೊದಲು ತೊಯ್ದ ಅಂಗಿ ತೆಗೆಯಬೇಕು, ಸೋಪು ಹಚ್ಚಿ ಮೈ ತೊಳೆಯಬೇಕು, ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಎಣ್ಣೆ ಡಬ್ಬಿ ಜೊತೆಗೇ ಇರಲಿ. ಆವತ್ತು ನಾವು ಡಬ್ಬಿಯನ್ನು ಬದುವಿನ ಮೇಲೆ ಬಿಟ್ಟು ಬಂದಿದ್ದೆವು. ಡಾಕ್ಟರು "ಯಾವ ಎಣ್ಣೆ?" ಅಂದಾಗ ಯಾರಿಗೂ ಹೆಸರು ಗೊತ್ತಿರಲಿಲ್ಲ. ಅದನ್ನು ತರೋಕೆ ರಾತ್ರಿ ಹನ್ನೊಂದಕ್ಕೆ ಒಬ್ಬ ಬೈಕಿನಲ್ಲಿ ವಾಪಸ್ ಹೊಲಕ್ಕೆ ಹೋದ.

— ಸಂಪಾದಕ