ಬೋರ್ ಒಳಗೆ ನೇರವಾಗಿ ಮಳೆನೀರು ಬೇಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 30×40 ಸೈಟಿನ ಮನೆ. ಹಳೇ ಬೋರ್ ಬತ್ತಿದೆ. ತಾರಸಿಯ ಪೈಪನ್ನು ಕೇಸಿಂಗ್ (ಬೋರಿಗೆ ಇಳಿಸಿದ ಕೊಳವೆ) ಒಳಕ್ಕೇ ಇಳಿಬಿಟ್ಟರೆ ನೀರು ಬೇಗ ಇಂಗುತ್ತದೆ ಎನ್ನುತ್ತಾರೆ ಪ್ಲಂಬರ್. ಹಾಗೆ ಮಾಡಬಹುದೇ?
— ಓದುಗರೊಬ್ಬರು, ವಿದ್ಯಾರಣ್ಯಪುರ

ಉತ್ತರ: ದಯವಿಟ್ಟು ಬೇಡ. ನಮ್ಮ ಬೆಂಗಳೂರಿನ ನೆಲದಲ್ಲಿ ಮೇಲೆ ಮಣ್ಣು, ಅದರಡಿ ಶಿಥಿಲವಾದ ಕಲ್ಲಿನ ಪದರ, ಇನ್ನೂ ಕೆಳಗೆ ಗಟ್ಟಿ ಬಂಡೆ. ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಮಣ್ಣಿನ ಮೂಲಕ ನಿಧಾನಕ್ಕೆ ಇಳಿಯುವಾಗ ಕೆಸರು ಅಲ್ಲಲ್ಲೇ ನಿಲ್ಲುತ್ತದೆ, ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಕೇಸಿಂಗ್ ಒಳಗೆ ಸುರಿದ ನೀರಿಗೆ ಈ ಸೋಸುವಿಕೆ ಸಿಗುವುದಿಲ್ಲ. ಪಾರಿವಾಳದ ಹಿಕ್ಕೆ, ಕೊಳೆತ ಎಲೆ, ಧೂಳು ಎಲ್ಲವೂ ಬಿರುಕಿಗಿಳಿಯುತ್ತವೆ. ಅದೇ ಬಿರುಕಿನಿಂದ ನೀರೆತ್ತುವ ಪಕ್ಕದ ಮನೆಯ ಬೋರನ್ನೂ ಕೆಡಿಸಬಹುದು. ಕೆಸರು ಬಿರುಕಿನಲ್ಲಿ ಕೂತುಬಿಟ್ಟರೆ ತೆಗೆಯುವುದು ಬಲು ಕಷ್ಟ.

ಅದರ ಬದಲು ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ತೋಡಿಸಿ. ಅದರಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಸಾವಿರ ಚದರಡಿ ತಾರಸಿಯ ಮೇಲೆ 50 ಮಿ.ಮೀ. ಮಳೆ ಸುರಿದರೆ ಬರುವುದು ಸುಮಾರು 4,600 ಲೀಟರ್. ಸುರಿಯುವಾಗಲೇ ಒಂದಷ್ಟು ಇಂಗುವುದರಿಂದ ಈ ಅಳತೆ ಸಾಲುತ್ತದೆ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಕೂರಿಸಿ, ಕೀಲುಗಳಿಗೆ ಗಾರೆ ಹಾಕಿಸಬೇಡಿ. ರಿಂಗಿಗೂ ಮಣ್ಣಿಗೂ ನಡುವಿನ ಸಂದಿಗೆ 20 ಮಿ.ಮೀ. ಜಲ್ಲಿ ತುಂಬಿಸಿ. ಮೇಲಿನ ಮೂರಡಿಗೆ ಮಾತ್ರ ಹೊರಗಿನಿಂದ ಗಾರೆ ಬೇಕು, ಇಲ್ಲದಿದ್ದರೆ ಅಂಗಳ ತೊಳೆದ ನೀರೂ ಒಳಗೆ ಹೋಗುತ್ತದೆ. ತಳಕ್ಕೆ ಕಾಂಕ್ರೀಟ್ ಬೇಡ. ಬಾವಿಯ ಒಳಗೆ ಜಲ್ಲಿ ತುಂಬುವವರಿದ್ದಾರೆ, ಅದನ್ನಂತೂ ಒಪ್ಪಬೇಡಿ. ನಾಲ್ಕಾರು ವರ್ಷಕ್ಕೆ ಹೂಳು ಕಟ್ಟಿದಾಗ ಇಳಿದು ತೆಗೆಯಲು ದಾರಿಯೇ ಇರುವುದಿಲ್ಲ. ಬಾಯಿಗೆ ಗಟ್ಟಿ ಮುಚ್ಚಳ ಇರಲೇಬೇಕು.

ಮೊದಲ 2 ಮಿ.ಮೀ. ಮಳೆ ತಾರಸಿಯ ಕೊಳೆಯನ್ನೆಲ್ಲ ಹೊತ್ತು ತರುತ್ತದೆ. ಸಾವಿರ ಚದರಡಿ ತಾರಸಿಗೆ ಅದು 185 ಲೀಟರ್ ಆಗುತ್ತದೆ, 200 ಲೀಟರ್ ಡ್ರಮ್ ಒಂದು ಸಾಕು. ಅದು ತುಂಬಿದ ಮೇಲಷ್ಟೇ ನೀರು ಮರಳು, ಜಲ್ಲಿಯ ಫಿಲ್ಟರಿಗೆ, ಅಲ್ಲಿಂದ ಬಾವಿಗೆ ತಿರುಗಲಿ. ಡ್ರಮ್ಮಿನ ಅಡಿಯ ನಲ್ಲಿಯನ್ನು ಪ್ರತಿ ಮಳೆಯ ನಂತರ ಬಿಟ್ಟು ಖಾಲಿ ಮಾಡಿ. ಹೆಚ್ಚಿನ ಮನೆಗಳಲ್ಲಿ ಮರೆಯುವುದು ಇದನ್ನೇ.

ಬಾವಿ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಸಾವಿರ ಲೀಟರ್ ನೀರು ಬಿಟ್ಟರೆ ಮಟ್ಟ ಸುಮಾರು ಐದಡಿ ಏರುತ್ತದೆ. ಮರುದಿನಕ್ಕೆ ಅದು ಇಳಿದಿದ್ದರೆ ಬಾವಿ ಚೆನ್ನಾಗಿ ಇಂಗಿಸುತ್ತಿದೆ ಎಂದರ್ಥ. ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿರುವ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕಿಗೆ ಹೋಗಿಬನ್ನಿ.

ಇನ್ನೊಂದು ಮಾತು. ನಿಮ್ಮಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ಇಲ್ಲದೆ ಶೌಚದ ಪಿಟ್ಟು ಅಂಗಳದಲ್ಲೇ ಇದ್ದರೆ ಇಂಗುಬಾವಿಯ ಯೋಚನೆ ಬಿಡಿ. ಪಿಟ್ಟಿನಿಂದ 15 ಮೀಟರ್ ದೂರವಿರಬೇಕೆನ್ನುತ್ತಾರೆ, ಆದರೆ ನಿಮ್ಮ ಸೈಟಿನ ಉದ್ದವೇ 12 ಮೀಟರ್. ಆಗ ಮಳೆನೀರನ್ನು ಸೋಸಿ ನೆಲದಡಿಯ ಸಂಪ್ ತೊಟ್ಟಿಗೆ ಬಿಡುವುದೇ ಸರಿ.

ಪ್ರಶ್ನೆ: ಇಂಗುಬಾವಿ ಮಾಡಿಸಿದ ಮೇಲೆ ಬೋರ್ ನೀರು ಕೆಂಪಾಗಿ ಬರುತ್ತಿದೆ, ಒಮ್ಮೊಮ್ಮೆ ಕೊಳೆತ ಮೊಟ್ಟೆಯ ವಾಸನೆ. ಏಕೆ?
— ಓದುಗರು, ಯಲಹಂಕ

ಉತ್ತರ: ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು ಮುಚ್ಚಳ ಹಾಕದೆ ಇಡಿ. ಹಿಡಿದಾಗ ತಿಳಿಯಾಗಿದ್ದು, ಗಂಟೆ ಕಳೆಯುತ್ತ ಕೆಂಪಾದರೆ ಅದು ಕರಗಿದ ಕಬ್ಬಿಣ. ಹಿಡಿಯುವಾಗಲೇ ಕೆಂಪಿದ್ದು ತಳದಲ್ಲಿ ಕೂತರೆ ಮಣ್ಣು, ಇಲ್ಲವೇ ಹಳೇ ಕೇಸಿಂಗಿನ ತುಕ್ಕು.

ಕರಗಿದ ಕಬ್ಬಿಣವಾದರೆ, ವಾಸನೆಯೂ ಇರುವುದರಿಂದ, ಬಾವಿಯ ತಳದಲ್ಲಿ ಎಲೆ ಕೊಳೆಯುತ್ತಿರುವ ಸಾಧ್ಯತೆ ಹೆಚ್ಚು. ಕೊಳೆಯುವಾಗ ನೀರಿನಲ್ಲಿದ್ದ ಆಮ್ಲಜನಕ ಮುಗಿದುಹೋಗುತ್ತದೆ. ಆಗ ಮಣ್ಣು, ಕಲ್ಲಿನಲ್ಲಿ ಗಟ್ಟಿಯಾಗಿದ್ದ ಕಬ್ಬಿಣ, ಮ್ಯಾಂಗನೀಸ್ ನೀರಿಗಿಳಿಯುತ್ತವೆ; ಸಲ್ಫೇಟಿನಿಂದ ಆ ವಾಸನೆಯ ಅನಿಲ ಹುಟ್ಟುತ್ತದೆ. ಬಾವಿ ಖಾಲಿ ಮಾಡಿಸಿ ಹೂಳು ತೆಗೆಸಿ. ಕೆಳಗಿಳಿಯುವವರು ಅನುಭವಸ್ಥರೇ ಆಗಿರಲಿ. ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತ ಹೊರತು ಯಾರನ್ನೂ ಇಳಿಸಬೇಡಿ. ಫಿಲ್ಟರಿನ ಮರಳು, ಜಲ್ಲಿಯನ್ನು ಮೇ ತಿಂಗಳಲ್ಲೊಮ್ಮೆ ತೊಳೆದು ಹಾಕಿ.

ವಾಸನೆ ಚರಂಡಿಯದೆನಿಸಿದರೆ ಯುಜಿಡಿ ಚೇಂಬರ್ ಸೋರುತ್ತಿರಬಹುದು. ಸೋರಿಕೆ ನಿಲ್ಲಿಸದೆ ಬ್ಲೀಚಿಂಗ್ ಪೌಡರ್ ಹಾಕಿ ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮ ಬೋರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ) 1,400. ಮಳೆನೀರು ಇಂಗಿಸಿದರೆ ಕಾಯಿಸಿ ಕುಡಿಯಬಹುದೇ?
— ಓದುಗರು, ಮಹದೇವಪುರ

ಉತ್ತರ: ತೆರೆದ ಬಾವಿಯ ನೀರಿನಲ್ಲಿ ಒಂದೆರಡು ಮಳೆಗಾಲದಲ್ಲಿ ಲವಣಾಂಶ ಕಡಿಮೆಯಾಗಬಹುದು. ಸಾವಿರ ಅಡಿ ಆಳದ ಬೋರಿಗೆ ಆ ಭರವಸೆ ಇಲ್ಲ, ಅಲ್ಲಿಗೆ ಬರುವ ನೀರು ಎಲ್ಲಿಯದೋ. ಟಿಡಿಎಸ್ ಮೀಟರ್ ಒಟ್ಟು ಲವಣಾಂಶವನ್ನಷ್ಟೇ ಹೇಳುತ್ತದೆ. ನೈಟ್ರೇಟ್, ಫ್ಲೋರೈಡ್, ರೋಗಾಣು ಅದಕ್ಕೆ ಕಾಣುವುದಿಲ್ಲ. ಲೀಟರಿಗೆ ನೈಟ್ರೇಟ್ 45 ಮಿ.ಗ್ರಾಂ, ಫ್ಲೋರೈಡ್ 1.5 ಮಿ.ಗ್ರಾಂ ಮೀರಿದ್ದರೆ ಕುಡಿಯಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಮಾತ್ರ ನೀರು ಆವಿಯಾದಂತೆ ಇನ್ನಷ್ಟು ಗಾಢವಾಗುತ್ತದೆ. ಆ ನೀರಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಿ ಕೊಡುವುದು ಅಪಾಯ. ಏಪ್ರಿಲ್ ಕೊನೆಗೊಮ್ಮೆ, ನವೆಂಬರಿನಲ್ಲೊಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಶುದ್ಧ ಬಾಟಲಿಯಲ್ಲಿ ನೀರು ಹಿಡಿದು ಅಂದೇ ತಲುಪಿಸಿ.