3D ಅನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಪಾರ್ಟಿಕಲ್ ಕ್ಯಾಶ್ (ಕಣಗಳ ಚಲನೆಯ ಉಳಿಸಿಟ್ಟ ಲೆಕ್ಕ) ಪದೇ ಪದೇ ಅಳಿಸಿಹೋಗುತ್ತದೆ, ರೆಂಡರ್ (ಅಂತಿಮ ಚಿತ್ರ) ಬೇರೆಯೇ ಬರುತ್ತದೆ. ಭದ್ರವಾಗಿ ಉಳಿಸುವುದು ಹೇಗೆ?

ಪ್ಲೇ ಒತ್ತಿದಾಗ ತುಂಬುವ ಕ್ಯಾಶ್ ತಾತ್ಕಾಲಿಕ. ಸೆಟ್ಟಿಂಗ್ ಒಂದನ್ನು ಅಲುಗಾಡಿಸಿದರೂ ಸಾಕು, ಅದು ಮಾಯ. ಅದನ್ನು ನಂಬಿ ರೆಂಡರ್‌ಗೆ ಹೋಗಬೇಡಿ, ಬೇಕ್ ಮಾಡಿ, ಅಂದ್ರೆ ಎಲ್ಲ ಫ್ರೇಮ್‌ಗಳ ಲೆಕ್ಕ ಮೊದಲೇ ಹಾಕಿಸಿ ಗಟ್ಟಿಯಾಗಿ ಉಳಿಸಿ.

ಮೊದಲು ಫೈಲ್ ಸೇವ್ ಮಾಡಿ. ಆಮೇಲೆ ಪಾರ್ಟಿಕಲ್ ಸಿಸ್ಟಮ್‌ನ ಕ್ಯಾಶ್ ಪ್ಯಾನೆಲ್‌ನಲ್ಲಿ ಡಿಸ್ಕ್ ಕ್ಯಾಶ್ ಆನ್ ಮಾಡಿ, ಬೇಕ್ ಒತ್ತಿ. ಸೇವ್ ಯಾಕೆ ಮೊದಲು ಅಂದ್ರೆ, ಕ್ಯಾಶ್ ಫೋಲ್ಡರ್ ನಿಮ್ಮ ಫೈಲ್ ಪಕ್ಕದಲ್ಲೇ, ಅದರ ಹೆಸರಿನಲ್ಲೇ ಹುಟ್ಟುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ: 'ಸೇವ್ ಆ್ಯಸ್' ಕೊಟ್ಟು ಹೊಸ ಹೆಸರಿಟ್ಟರೆ ಬ್ಲೆಂಡರ್ ಹೊಸ ಹೆಸರಿನ ಫೋಲ್ಡರ್ ಹುಡುಕುತ್ತದೆ. ಹಳೆಯ ಕ್ಯಾಶ್ ಡಿಸ್ಕಿನಲ್ಲೇ ಇರುತ್ತದೆ, ಆದರೆ ಸಿಗುವುದಿಲ್ಲ. ಹೀಗೆ ಫೈಲ್ ಹೆಸರು ಬದಲಿಸಿದ ಮೇಲೆ ಮತ್ತೆ ಬೇಕ್ ಮಾಡುವುದೇ ನೆಮ್ಮದಿ.

ಪ್ರತಿ ಫ್ರೇಮ್ ಅದರ ಹಿಂದಿನ ಫ್ರೇಮ್ ಮೇಲೆ ನಿಂತಿದೆ, ಅಲ್ವಾ? 120ನೇ ಫ್ರೇಮ್ ಬೇಕೆಂದರೆ 1ರಿಂದ 119ರವರೆಗೆ ಲೆಕ್ಕ ಹಾಕಲೇಬೇಕು. ಹಾಗಾಗಿ ಸುಮ್ನೆ ಟೈಮ್‌ಲೈನ್ ಮಧ್ಯಕ್ಕೆ ಜಿಗಿದರೆ ತಪ್ಪು ಫಲಿತಾಂಶ ಬರಬಹುದು. ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿ ರೆಂಡರ್ ಮಾಡುವುದಾದರೆ ಬೇಕ್ ಮಾಡಿದ ಫೋಲ್ಡರನ್ನೂ ಫೈಲ್ ಜೊತೆಗೇ ಕಳಿಸಿ. ಇಲ್ಲದಿದ್ದರೆ ಒಂದೊಂದು ಕಂಪ್ಯೂಟರ್ ಒಂದೊಂದು ಥರ ಕಣ ಹಾರಿಸುತ್ತದೆ.

ಕಣಗಳು ವೇಗವಾಗಿ ಬಡಿದು ಪುಟಿಯುತ್ತಿದ್ದರೆ ಕ್ಯಾಶ್ ಸ್ಟೆಪ್ (ಎಷ್ಟು ಫ್ರೇಮ್‌ಗೊಮ್ಮೆ ಉಳಿಸಬೇಕು ಎಂಬ ಸೆಟ್ಟಿಂಗ್) 1 ಇರಲಿ. ಜಾಸ್ತಿ ಇಟ್ಟರೆ ನಡುವಿನ ಫ್ರೇಮ್‌ಗಳನ್ನು ಅದು ಅಂದಾಜಿನಲ್ಲಿ ತುಂಬುತ್ತದೆ. ಡಿಸ್ಕ್‌ನಲ್ಲಿ ಜಾಗ ಇದೆಯಾ ಅಂತಲೂ ನೋಡಿಕೊಳ್ಳಿ.

ಬೇಕ್ ಆದಮೇಲೆ ಸೆಟ್ಟಿಂಗ್‌ಗಳು ಮಂಕಾಗಿ ಲಾಕ್ ಆಗುತ್ತವೆ. ಗಾಬರಿ ಬೇಡ, 'ಡಿಲೀಟ್ ಬೇಕ್' ಒತ್ತಿದರೆ ಮತ್ತೆ ಬದಲಿಸಬಹುದು.