ಆರ್ಕೆಸ್ಟ್ರಾದ ಹುದ್ದೆಯಿಲ್ಲದೆ ಒಬೋ ವಾದಕರು ವೃತ್ತಿ ಕಟ್ಟಿಕೊಳ್ಳಬಹುದೇ?

ಆರ್ಕೆಸ್ಟ್ರಾ ಸೇರದೆ, ಏಕವಾದನವನ್ನೂ ಚೇಂಬರ್ ಸಂಗೀತವನ್ನೂ (ಕೆಲವೇ ವಾದಕರ ಸಣ್ಣ ತಂಡದ ಸಂಗೀತ) ನೆಚ್ಚಿಕೊಂಡು, ಪಾಶ್ಚಾತ್ಯ ಗಾಳಿವಾದ್ಯವಾದ ಒಬೋದ ವಾದಕರು ಬದುಕಬಹುದೇ ಎಂದು ಕೇಳಿದ್ದೀರಿ. ಈ ವಾದ್ಯವನ್ನೇ ನುಡಿಸಿಕೊಂಡು ಬಂದವನಾಗಿ ಸಾಧ್ಯವಿದೆ ಎನ್ನುತ್ತೇನೆ. ಆದರೆ ಪಿಯಾನೊ ಅಥವಾ ಪಿಟೀಲು ವಾದಕರಿಗಿರುವ ಸಿದ್ಧ ದಾರಿ ನಮಗಿಲ್ಲ. ನನ್ನ ವರಮಾನದಲ್ಲಿ ಏಕವಾದನದ ಪಾಲು ಎಂದೂ ಅರ್ಧ ದಾಟಿಲ್ಲ. ಉಳಿದದ್ದು ಚೇಂಬರ್ ಕಛೇರಿಗಳಿಂದಲೂ ಪಾಠದಿಂದಲೂ ಬಂದಿದೆ.

ಇದಕ್ಕೆ ಮುಖ್ಯ ಕಾರಣ ಕೃತಿಗಳ ಕೊರತೆ. ಬರೋಕ್ ಕಾಲದಲ್ಲಿ (ಸುಮಾರು 1600ರಿಂದ 1750) ಒಬೋಗೆ ಕನ್ಸರ್ಟೊಗಳು, ಅಂದರೆ ಏಕವಾದಕರು ಆರ್ಕೆಸ್ಟ್ರಾದ ಜೊತೆ ನುಡಿಸುವ ಕೃತಿಗಳು, ಹೇರಳವಾಗಿ ಹುಟ್ಟಿದವು, ಮೊಟ್ಸಾರ್ಟ್ 1777ರಲ್ಲಿ ಒಂದನ್ನು ಬರೆದರು. ಆದರೆ 19ನೇ ಶತಮಾನದ ಹಿರಿಯ ರಚನಕಾರರು ಒಬೋದ ಸೊಗಸನ್ನು ಹೆಚ್ಚಾಗಿ ತಮ್ಮ ಸಿಂಫನಿಗಳ ಒಳಗೇ ಇಟ್ಟುಕೊಂಡರು. ಶೂಮನ್ 1849ರಲ್ಲಿ ಒಬೋ ಮತ್ತು ಪಿಯಾನೊಗೆ ಬರೆದ ಮೂರು ರೊಮಾನ್ಸ್‌ಗಳು ನಮಗೆ ಇಷ್ಟೊಂದು ಅಮೂಲ್ಯವಾಗಿರುವುದು ಅದರಿಂದಲೇ. ಹಾಗಾಗಿ ಏಕವಾದಕರಾಗಿ ನೆಲೆನಿಂತವರು ಹೊಸ ಕೃತಿಗಳು ಹುಟ್ಟಲು ತಾವೇ ಕಾರಣರಾದರು. ವಾನ್ ವಿಲಿಯಮ್ಸ್ ಅವರ 1944ರ ಕನ್ಸರ್ಟೊ ಒಬೋ ವಾದಕ ಲಿಯಾನ್ ಗೂಸನ್ಸ್ ಅವರಿಗಾಗಿ ಬಂದದ್ದು. ಒಂದೇ ಸ್ವರ ಹಿನ್ನೆಲೆಯಲ್ಲಿ ಕೊನೆಯವರೆಗೂ ಮೊಳಗುತ್ತಿರುವ ಬೆರಿಯೊ ಅವರ 1969ರ ಏಳನೆಯ ಸೆಕ್ವೆಂಜಾ (ಏಕವಾದನ ಕೃತಿಗಳ ಸರಣಿಯದು) ಒಬೋ ವಾದಕ ಹೈಂಜ್ ಹೊಲಿಗರ್ ಅವರಿಗಾಗಿ ಬಂದದ್ದು.

ನನ್ನನ್ನು ಹೆಚ್ಚು ಕಾಡುವುದು ಅಮೆರಿಕದ ಒಬೋ ವಾದಕ ಜಾನ್ ಡಿ ಲ್ಯಾನ್ಸಿ ಅವರ ಪ್ರಸಂಗ. ಯುದ್ಧಕ್ಕೆ ಮೊದಲು ಪಿಟ್ಸ್‌ಬರ್ಗ್ ಸಿಂಫನಿಯಲ್ಲಿದ್ದ ಅವರು 1945ರಲ್ಲಿ ಅಮೆರಿಕದ ಸೈನಿಕರಾಗಿ ಬವೇರಿಯಾದಲ್ಲಿದ್ದಾಗ ರಚನಕಾರ ರಿಚರ್ಡ್ ಸ್ಟ್ರಾಸ್ ಅವರನ್ನು ಕಂಡು, ಒಬೋಗೆ ಕನ್ಸರ್ಟೊ ಬರೆಯುವ ಯೋಚನೆ ಇದೆಯೇ ಎಂದು ಕೇಳಿದರು. ಇಲ್ಲ ಎಂದ ಸ್ಟ್ರಾಸ್ ಆ ವರ್ಷವೇ ಅದನ್ನು ಬರೆದು ಮುಗಿಸಿದರು. ಅಮೆರಿಕದ ಮೊದಲ ಪ್ರದರ್ಶನ ಡಿ ಲ್ಯಾನ್ಸಿ ಅವರದಾಗಬೇಕೆಂದು ಸ್ಟ್ರಾಸ್ ಬಯಸಿದ್ದರೂ, ಆಗ ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ ಕಿರಿಯ ಸ್ಥಾನದಲ್ಲಿದ್ದ ಅವರಿಗೆ ಅದು ಒದಗಲಿಲ್ಲ; ಮತ್ತೊಬ್ಬ ಒಬೋ ವಾದಕ ಮಿಚ್ ಮಿಲ್ಲರ್ ನುಡಿಸಿದರು. ಡಿ ಲ್ಯಾನ್ಸಿ ಮುಂದೆ ಅಲ್ಲಿಯೇ ಪ್ರಧಾನ ವಾದಕರಾಗಿ, ಫ್ರೆಂಚ್ ರಚನಕಾರ ಝಾನ್ ಫ್ರಾಂಸೆ ಅವರಿಂದ 1959ರಲ್ಲಿ ತಮಗಾಗಿ ಹೊಸ ಕೃತಿಯೊಂದನ್ನು ಬರೆಯಿಸಿದರು. ಒಬೋ ವಾದಕರ ಬಾಳಿನಲ್ಲಿ ಹುದ್ದೆ ಎಷ್ಟು ತೂಗುತ್ತದೆ, ಅದರಾಚೆಗೆ ಎಷ್ಟು ಮಾಡಬಹುದು ಎಂಬ ಎರಡೂ ಇದರಲ್ಲಿವೆ.

ಸ್ಟ್ರಾಸ್ ಅವರ ಆ ಕನ್ಸರ್ಟೊದಲ್ಲಿ ವಾದಕರು ಆರಂಭದಲ್ಲೇ ಐವತ್ತಕ್ಕೂ ಹೆಚ್ಚು ಬಾರ್‌ಗಳನ್ನು (ತಾಳದ ಆವರ್ತಗಳನ್ನು) ಬಿಡುವಿಲ್ಲದೆ ನುಡಿಸಬೇಕು. ಒಬೋದ ರೀಡಿನ (ಬಾಯಲ್ಲಿಟ್ಟು ಊದುವ ಜೊಂಡಿನ ಜೋಡಿ ಪಟ್ಟಿಯ) ಸಂದಿ ತೀರ ಕಿರಿದಾದ್ದರಿಂದ ಒಳಗೆಳೆದ ಉಸಿರು ಖರ್ಚಾಗುವುದಿಲ್ಲ. ಹಳೆಯ ಗಾಳಿ ಎದೆಯಲ್ಲೇ ಉಳಿದು ಕಟ್ಟುತ್ತದೆ, ಅದನ್ನು ಹೊರಬಿಟ್ಟೇ ಹೊಸದನ್ನು ಎಳೆಯಬೇಕು. ಇದನ್ನು ಪಳಗಿಸಿಕೊಳ್ಳಲು ನನಗೆ ವರ್ಷಗಳೇ ಬೇಕಾದವು.

ಚೇಂಬರ್ ಸಂಗೀತದಲ್ಲಿ ನಮ್ಮ ಸ್ಥಿತಿ ಮೇಲು. ಮೊಟ್ಸಾರ್ಟ್ 1781ರಲ್ಲಿ ಮ್ಯೂನಿಕ್‌ನ ಫ್ರೀಡ್ರಿಕ್ ರಾಮ್ ಎಂಬ ಒಬೋ ವಾದಕರಿಗಾಗಿ ಬರೆದ ಕ್ವಾರ್ಟೆಟ್ (ಒಬೋ ಮತ್ತು ಮೂರು ತಂತಿವಾದ್ಯಗಳ ಕೃತಿ), ಪೂಲಾಂಕ್ ಅವರ 1926ರ ಟ್ರಿಯೊ, ಬ್ರಿಟನ್ ಅವರ 1932ರ ಫ್ಯಾಂಟಸಿ ಕ್ವಾರ್ಟೆಟ್, ಇವಲ್ಲದೆ ಗಾಳಿವಾದ್ಯಗಳ ಕ್ವಿಂಟೆಟ್‌ಗಳು ಇವೆ. ಮೊಟ್ಸಾರ್ಟ್ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ತಂತಿವಾದ್ಯಗಳು ಆರೆಂಟರ ಲಯದಲ್ಲಿ ಸಾಗುತ್ತಿರುವಾಗ ಒಬೋ 13 ಬಾರ್‌ಗಳ ಕಾಲ ನಾಲ್ಕರ ಲಯಕ್ಕೆ ಹೊರಳುತ್ತದೆ. ಅಲ್ಲಿ ಉಳಿದ ಮೂವರನ್ನು ಕೇಳಿಸಿಕೊಳ್ಳದೆ ತನ್ನ ಪಾಡಿಗೆ ನುಡಿಸುವವರನ್ನು ಯಾವ ತಂಡವೂ ಎರಡನೆಯ ಸಲ ಕರೆಯುವುದಿಲ್ಲ.

ರೀಡ್ ತಯಾರಿಕೆಗೆ ದಿನಕ್ಕೆ ಒಂದೆರಡು ಗಂಟೆ ಮೀಸಲಿಡಿ. ನಾಲ್ಕು ಮಾಡಿದರೆ ಕಛೇರಿಗೆ ಒಗ್ಗುವುದು ಒಂದು, ಅದೂ ಬೇಗ ಸವೆಯುತ್ತದೆ. ಹುದ್ದೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಆಲ್ಬ್ರೆಕ್ಟ್ ಮೇಯರ್ ಬರ್ಲಿನ್ ಫಿಲ್ಹಾರ್ಮೋನಿಕ್‌ನ ಪ್ರಧಾನ ವಾದಕರಾಗಿದ್ದುಕೊಂಡೇ ಏಕವಾದಕರಾಗಿ ಹೆಸರು ಮಾಡಿದವರು. ನೀವು ಇನ್ನೂ ವಿದ್ಯಾರ್ಥಿಯಾಗಿದ್ದರೆ, ನಿಮ್ಮೊಡನೆ ರಚನೆ ಕಲಿಯುತ್ತಿರುವವರಲ್ಲಿ ಒಬ್ಬರಿಗೆ ವಾದ್ಯದ ಸ್ವರವ್ಯಾಪ್ತಿಯನ್ನೂ ಉಸಿರಿನ ಮಿತಿಯನ್ನೂ ನುಡಿಸಿ ತೋರಿಸಿ, ಹತ್ತು ನಿಮಿಷದ ಕೃತಿಯೊಂದನ್ನು ಈ ವರ್ಷವೇ ಕೇಳಿ ಬರೆಯಿಸಿಕೊಳ್ಳಿ.